ಕಿಬಾಲೆ ಕಾಡಿನ ಜಿಗಿಹುಳು

ಕೇಳುಗರಿಗೆ ನಮಸ್ಕಾರ.

ಹತ್ತಿ ಬೆಳೆಯುವವರಿಗೂ ಮಾವಿನ ತೋಟ ಇಟ್ಟವರಿಗೂ ಜಿಗಿಹುಳುವನ್ನು ಪರಿಚಯಿಸಬೇಕಾಗಿಲ್ಲ. ಹತ್ತಿಯ ಎಲೆಯಂಚು ಮುದುಡಿ ಕೆಂಪಾಗುವುದೂ, ಮಾವಿನ ಹೂಗೊಂಚಲಿನ ಕೆಳಗಿನ ಎಲೆಗಳು ಮೊದಲು ಅಂಟಂಟಾಗಿ ಆಮೇಲೆ ಕಪ್ಪು ಬೂಷ್ಟು ಹಿಡಿಯುವುದೂ ಇದರ ಕೆಲಸವೆಂದು ಅವರು ಬಲ್ಲರು. ಇಂದು ನಾನು ಹೇಳಹೊರಟಿರುವುದು ಈ ಹುಳುಗಳ ದೂರದ ಬಂಧುವೊಂದರ ವಿಷಯ. ಅದು ಇರುವುದು ಪೂರ್ವ ಆಫ್ರಿಕದ ಉಗಾಂಡದಲ್ಲಿ, ಆ ದೇಶದ ಪಶ್ಚಿಮ ಭಾಗದ ಕಿಬಾಲೆ ರಾಷ್ಟ್ರೀಯ ಉದ್ಯಾನದ ಮಳೆಕಾಡಿನಲ್ಲಿ.

ಕಿಬಾಲೆಗೆ ಪ್ರವಾಸಿಗರು ಹೋಗುವುದು ಚಿಂಪಾಂಜಿಗಳನ್ನು ನೋಡಲು. ಇಂಗ್ಲೆಂಡಿನ ಆಂಗ್ಲಿಯಾ ರಸ್ಕಿನ್ ವಿಶ್ವವಿದ್ಯಾಲಯದ ಆಲ್ವಿನ್ ಹೆಲ್ಡನ್ ಅವರು ಮಾತ್ರ 2015ರಿಂದ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ದು, ಜೊತೆಜೊತೆಗೆ ಕೀಟಗಳ ದಾಖಲೆಯನ್ನೂ ಮಾಡುತ್ತ ಬಂದರು. 2018ರ ಅಂಥದೊಂದು ಪ್ರವಾಸದಲ್ಲಿ ಅವರಿಗೆ ಕಂಡ ಜಿಗಿಹುಳು ಯಾವ ಹೆಸರಿಗೂ ಹೊಂದಲಿಲ್ಲ. ಅದನ್ನು ಪರೀಕ್ಷಿಸಿ ವರ್ಣಿಸಿ ಹೊಸ ಪ್ರಭೇದವೆಂದು ಸಾರಿದ ಸುದ್ದಿ ಹೊರಬಿದ್ದುದು 2022ರ ಜನವರಿಯಲ್ಲಿ. ಕಾಡಿನಿಂದ ಕಾಗದಕ್ಕೆ ಬರುವಷ್ಟರಲ್ಲಿ ಮೂರು ವರ್ಷಕ್ಕೂ ಮಿಕ್ಕಿ ಕಳೆದಿತ್ತು. ಈ ವಿದ್ಯೆಯಲ್ಲಿ ಅದು ತಡವೇನೂ ಅಲ್ಲ.

ಹುಳುವಿಗೆ ಇಟ್ಟ ಹೆಸರು ಫ್ಲೋಗಿಸ್ ಕಿಬಾಲೆನ್ಸಿಸ್. ಎರಡನೆಯ ಪದದ ಅರ್ಥ ‘ಕಿಬಾಲೆಯದು’ ಎಂದಷ್ಟೆ. ಕುತೂಹಲವಿರುವುದು ಮೊದಲನೆಯ ಪದದಲ್ಲಿ, ಅಂದರೆ ಕುಲದ ಹೆಸರಿನಲ್ಲಿ. ಫ್ಲೋಗಿಸ್ ಕುಲವನ್ನು ಫಿನ್ಲೆಂಡಿನ ಕೀಟಶಾಸ್ತ್ರಜ್ಞ ಲಿನ್ನವುವೊರಿ ಅವರು 1979ರಲ್ಲಿ ಸ್ಥಾಪಿಸಿದ್ದರು. ಆ ಕುಲದ ಹುಳು ಅದಕ್ಕೂ ಮೊದಲು ದಾಖಲಾದದ್ದು 1969ರಲ್ಲಿ, ಮಧ್ಯ ಆಫ್ರಿಕ ಗಣರಾಜ್ಯದಲ್ಲಿ. ಅಲ್ಲಿಂದ ಮುಂದೆ ಸುಮಾರು ಅರ್ಧ ಶತಮಾನ ಅದರ ಸುಳಿವಿರಲಿಲ್ಲ. ಮತ್ತೆ ಕಂಡಾಗ ದೇಶವೂ ಬೇರೆ, ಪ್ರಭೇದವೂ ಬೇರೆ.

ಬಾನುಲಿಯಲ್ಲಿ ಚಿತ್ರ ತೋರಿಸುವಂತಿಲ್ಲವಾದ್ದರಿಂದ ಹುಳು ಹೇಗಿದೆಯೆಂದು ಮಾತಿನಲ್ಲೇ ಹೇಳಬೇಕು. ಉದ್ದ 6.5 ಮಿಲಿಮೀಟರು, ಒಂದು ಅಕ್ಕಿಕಾಳಿನಷ್ಟು ಎನ್ನಿ. ಮೈಗೆ ಲೋಹದ ಹೊಳಪು. ಆ ಮೈಯೂ ನುಣುಪಾಗಿರದೆ ಸೂಜಿಮೊನೆಯಿಂದ ಒತ್ತಿದಂತೆ ತುಂಬ ಕುಳಿಕುಳಿಯಾಗಿದೆ. ಎಲ್ಲ ಜಿಗಿಹುಳುಗಳಂತೆ ಇದೂ ಹೆಮಿಪ್ಟೆರ ಗಣಕ್ಕೆ ಸೇರಿದ್ದು. ಹಾಸಿಗೆಯ ತಿಗಣೆ, ಸಸ್ಯಹೇನು, ಹಿಟ್ಟುತಿಗಣೆ, ಬಿಳಿನೊಣ, ಅರಗಿನ ಹುಳು ಎಲ್ಲವೂ ಆ ಗಣದವೇ. ರೂಪದಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಕಾಣುವ ಇವನ್ನೆಲ್ಲ ಒಂದೇ ಮನೆತನಕ್ಕೆ ಸೇರಿಸುವುದು ಬಾಯಿ. ಅಗಿಯುವ ದವಡೆಯ ಬದಲಿಗೆ ಕೂದಲಿಗಿಂತ ಸಪುರವಾದ ನಾಲ್ಕು ಸೂಜಿಗಳು ಒಂದು ಒರೆಯೊಳಗೆ ಕೂಡಿಕೊಂಡಿರುತ್ತವೆ. ಒಳಗಿನ ಎರಡು ಸೂಜಿಗಳು ಒಂದಕ್ಕೊಂದು ಅಂಟಿ ಎರಡು ಕಾಲುವೆಗಳಾಗುತ್ತವೆ. ಒಂದರಲ್ಲಿ ಜೊಲ್ಲು ಕೆಳಗಿಳಿಯುತ್ತದೆ, ಇನ್ನೊಂದರಲ್ಲಿ ರಸ ಮೇಲೇರುತ್ತದೆ. ನಮ್ಮ ಕೃಷಿ ಅಧಿಕಾರಿಗಳು ಇವನ್ನು ‘ರಸ ಹೀರುವ ಕೀಟಗಳು’ ಎಂದು ಕರೆಯುವುದು ಇದರಿಂದಲೇ, ಮತ್ತು ಆ ಹೆಸರು ಗ್ರೀಕ್ ಹೆಸರಿಗಿಂತ ಚೆನ್ನಾಗಿದೆ ಎಂದು ನನಗನ್ನಿಸುತ್ತದೆ.

ಹೊಳಪು, ಕುಳಿ, ಅಳತೆ ಇಷ್ಟರಿಂದ ಇದು ಹೊಸ ಪ್ರಭೇದವೆಂದು ತೀರ್ಮಾನಿಸಲು ಆಗುತ್ತದೆಯೇ? ಆಗುವುದಿಲ್ಲ. ಜಗತ್ತಿನಲ್ಲಿ ಈವರೆಗೆ ಹೆಸರು ಪಡೆದ ಜಿಗಿಹುಳುಗಳೇ 20,000ಕ್ಕೆ ಕಡಿಮೆಯಿಲ್ಲ. ಹೊರನೋಟಕ್ಕೆ ಪ್ರತ್ಯೇಕಿಸಲಾಗದ ಜೋಡಿಗಳು ಅವುಗಳಲ್ಲಿ ಬೇಕಾದಷ್ಟಿವೆ. ಆದ್ದರಿಂದ ತಜ್ಞರು ಗಂಡುಹುಳುವಿನ ಹೊಟ್ಟೆಯ ತುದಿಯನ್ನು ಬಿಡಿಸಿ, ಕ್ಷಾರದ ದ್ರಾವಣದಲ್ಲಿ ಹಾಕಿ ಮೆದು ಭಾಗವನ್ನೆಲ್ಲ ಕರಗಿಸಿ, ಉಳಿದ ಗಟ್ಟಿ ಚೌಕಟ್ಟನ್ನು ಗ್ಲಿಸರಿನ್ ಹನಿಯಲ್ಲಿಟ್ಟು ಸೂಕ್ಷ್ಮದರ್ಶಕದಡಿ ತಿರುಗಿಸಿ ತಿರುಗಿಸಿ ನೋಡುತ್ತಾರೆ. ಅಲ್ಲಿರುವ ಜನನಾಂಗದ ಆಕಾರ ಸಾಮಾನ್ಯವಾಗಿ ಪ್ರಭೇದದಿಂದ ಪ್ರಭೇದಕ್ಕೆ ಬೇರೆಯಾಗಿರುತ್ತದೆ. ಕಿಬಾಲೆಯ ಹುಳುವಿನಲ್ಲಿ ಅದರ ಒಂದು ಭಾಗ ಎಲೆಯ ಆಕಾರದಲ್ಲಿದೆ. ಎಲೆಯ ರಸ ಕುಡಿಯುವ ಹುಳುವಿನ ಗುರುತೂ ಎಲೆಯೇ ಆದದ್ದು ಬರೀ ಕಾಕತಾಳೀಯ, ಆದರೂ ಹೇಳದೆ ಇರಲಾಗಲಿಲ್ಲ. ನಮ್ಮ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಸಿ. ಎ. ವಿರಕ್ತಮಠ ಅವರು ಭಾರತದ ಜಿಗಿಹುಳುಗಳನ್ನು ದಶಕಗಳ ಕಾಲ ವರ್ಗೀಕರಿಸಿದ್ದು ಕೂಡ ಇಂಥದೇ ತಾಳ್ಮೆಯ ಕೆಲಸದಿಂದ.

ವರ್ಣನೆ ಅಚ್ಚಾದ ಮೇಲೆ ಅದಕ್ಕೆ ಆಧಾರವಾದ ಆ ಒಂದು ಹುಳು, ಸೂಜಿಗೆ ಏರಿದ ಆ ಒಣಗಿದ ದೇಹ, ಹೆಸರಿನ ಸಾಕ್ಷಿಯಾಗಿ ಉಳಿಯುತ್ತದೆ. ಮುಂದೆ ಯಾರಿಗೆ ಅನುಮಾನ ಬಂದರೂ ಅದರ ಪಕ್ಕದಲ್ಲಿ ತಮ್ಮ ಹುಳುವನ್ನಿಟ್ಟು ಹೋಲಿಸಬೇಕು. ಒಂದು ಪ್ರಭೇದಕ್ಕೆ ಹೆಸರು ಬಂತೆಂದರೆ ಅದರ ಬಗ್ಗೆ ಎಲ್ಲವೂ ತಿಳಿಯಿತೆಂದು ನಾವು ಭಾವಿಸುತ್ತೇವೆ. ಇಲ್ಲಿ ಆದದ್ದು ಹಾಗಲ್ಲ. ಹೆಸರಿಟ್ಟ ಹೊತ್ತಿನಲ್ಲಿ ಹೆಲ್ಡನ್ ಅವರೇ ಹೇಳಿದಂತೆ, ಈ ಹುಳು ಯಾವ ಗಿಡದ ರಸ ಕುಡಿಯುತ್ತದೆ, ಆ ಕಾಡಿನಲ್ಲಿ ಅದರ ಪಾತ್ರವೇನು ಎಂಬುದು ಯಾರಿಗೂ ಗೊತ್ತಿರಲಿಲ್ಲ. ಜಿಗಿಹುಳುಗಳನ್ನು ಜೇಡ, ಕಣಜ, ಹಕ್ಕಿಗಳು ತಿನ್ನುತ್ತವೆ ಎಂಬ ಸಾಮಾನ್ಯ ಮಾತನ್ನು ಇದಕ್ಕೂ ಅನ್ವಯಿಸಿ ಊಹಿಸಬಹುದು, ಅಷ್ಟೆ.

ಆಹಾರದ ಗಿಡವನ್ನು ಪತ್ತೆಹಚ್ಚುವುದು ಮಳೆಕಾಡಿನಲ್ಲಿ ಕೇಳುವಷ್ಟು ಸುಲಭವಲ್ಲ. ರೆಕ್ಕೆ ಬಲಿತ ಹುಳು ಯಾವ ಎಲೆಯ ಮೇಲೆ ಸಿಕ್ಕಿತೆಂಬುದು ಪುರಾವೆಯಾಗುವುದಿಲ್ಲ. ಹಾರಿ ಬಂದು ಸುಮ್ಮನೆ ಕೂತಿರಬಹುದು. ಮರಿಹುಳುವಿಗೆ ರೆಕ್ಕೆಯಿಲ್ಲ. ಅದು ಐದು ಬಾರಿ ಪೊರೆ ಕಳಚುವವರೆಗೂ ಸಾಮಾನ್ಯವಾಗಿ ಮೊಟ್ಟೆಯೊಡೆದ ಗಿಡದ ಆಸುಪಾಸಿನಲ್ಲೇ ರಸ ಹೀರಿಕೊಂಡು ಬೆಳೆಯುತ್ತದೆ. ಹೀಗಾಗಿ ಫ್ಲೋಗಿಸ್ ಕಿಬಾಲೆನ್ಸಿಸ್ ಏನು ಉಣ್ಣುತ್ತದೆಂದು ಹೇಳಬೇಕಾದವರು, ಅದರ ಮರಿಯೊಂದು ಸೂಜಿಬಾಯಿ ಚುಚ್ಚಿ ಕೂತಿರುವ ಎಲೆಯನ್ನು ಹುಡುಕಿಕೊಂಡು, ಆ ಕಾಡಿನ ಗಿಡಗಳ ಎಲೆಗಳನ್ನು ಒಂದೊಂದಾಗಿ ಮಗುಚಿ ನೋಡಬೇಕಾಗುತ್ತದೆ.

ನಮಸ್ಕಾರ.