ಸುಮ್ಮನೆ ನಿಲ್ಲುವುದಕ್ಕೆ ಯಾವ ಕಲೆ ಬೇಕು?

(ಪರದೆಯ ಮೇಲೆ: ಕಲಬುರಗಿಯ ಹಫ್ತ್ ಗುಂಬಜ್, ಇಳಿಬಿಸಿಲು)

ನಮಸ್ಕಾರ. ಕೆಲವು ದಿನಗಳ ಹಿಂದೆ ಇದೇ ಕಮಾನುಗಳ ನಡುವೆ ನನ್ನ ಛಾಯಾಗ್ರಾಹಕ ಗೆಳೆಯನೊಬ್ಬ ಚಿತ್ರಕಲೆಯ ವಿದ್ಯಾರ್ಥಿನಿಯೊಬ್ಬಳನ್ನು ರೂಪದರ್ಶಿಯಾಗಿ ನಿಲ್ಲಿಸಿ ಚಿತ್ರ ತೆಗೆಯುತ್ತಿದ್ದ. ಸಂಜೆ ಅಡ್ಡಾಡಲು ಬಂದಿದ್ದ ಹಿರಿಯರೊಬ್ಬರು ಬಹಳ ಹೊತ್ತು ನೋಡಿ, ನನ್ನತ್ತ ತಿರುಗಿ ಕೇಳಿದರು: “ಸುಮ್ಮ ನಿಂದ್ರಲಾಕ ಯಾನ್ ಕಲಾ ಬೇಕ್ರಿ?” ಆಗ ನನ್ನಲ್ಲಿ ಉತ್ತರವಿರಲಿಲ್ಲ.

ಬೆಳಕು, ಚೌಕಟ್ಟು, ಕ್ಷಣದ ಆಯ್ಕೆ ಇವು ಛಾಯಾಗ್ರಾಹಕರ ಕೈಯಲ್ಲಿರುತ್ತವೆ ಎಂಬುದು ನಿಮಗೆ ಗೊತ್ತೇ ಇದೆ. ಅದನ್ನು ಇಲ್ಲಿಗೇ ಬಿಡೋಣ. ಜಾಹೀರಾತಿನ ರೂಪದರ್ಶಿ ಸೀರೆಯನ್ನು ಚೆನ್ನಾಗಿ ತೋರಿಸಿದರೆ ಸಾಕು. ಕಲಾ ಛಾಯಾಗ್ರಹಣದಲ್ಲಿ ಮಾರಬೇಕಾದ ಸೀರೆಯೇ ಇರುವುದಿಲ್ಲ. ಇನ್ನೂ ಆಕಾರ ಪಡೆಯದ ಒಂದು ಭಾವವಿರುತ್ತದೆ, ಅದಕ್ಕೆ ಮೈ ಕೊಡುವವರು ರೂಪದರ್ಶಿ.

ನಾವು ಕನ್ನಡಿಗರು ಇದನ್ನು ಮಾತಿನಲ್ಲಿ ಎಂದೋ ಒಪ್ಪಿಕೊಂಡಿದ್ದೇವೆ ಎಂಬುದು ನನ್ನ ಅನಿಸಿಕೆ. “ಫೋಟೋ ತೆಗೆಸಿಕೊಂಡೆ” ಎನ್ನುತ್ತೇವಲ್ಲ, ಆ ವಾಕ್ಯದಲ್ಲಿ ಕರ್ತೃ ಯಾರು? ಕ್ಯಾಮೆರಾದ ಮುಂದೆ ಕುಳಿತವರು. ಕ್ಯಾಮೆರಾ ಹಿಡಿದವನ ಹೆಸರೂ ಅಲ್ಲಿಲ್ಲ.

(ಪರದೆಯ ಮೇಲೆ: ಅಂಡಾಕಾರದ ಕಿಂಡಿಯಿಂದ ಒಂದೇ ಕಣ್ಣಿನಲ್ಲಿ ನೋಡುತ್ತಿರುವ ಮಹಿಳೆ)

ಈ ಕ್ರಿಯಾಪದಕ್ಕೆ ಪೂರ್ತಿ ಒಪ್ಪುವ ವ್ಯಕ್ತಿ ಕ್ಯಾಸ್ಟಿಲಿಯೋನೆಯ ಕೌಂಟೆಸ್, ಅಂದರೆ ಇಟಲಿಯ ವರ್ಜೀನಿಯಾ ಓಲ್ಡೊಯಿನಿ. ಈ ಭಾಗದಲ್ಲಿ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಕ್ಷಮಿಸಿ. 1856ರಲ್ಲಿ ಪ್ಯಾರಿಸ್ಸಿನ ಮೇಯರ್ ಮತ್ತು ಪಿಯರ್ಸನ್ ಸ್ಟುಡಿಯೋಗೆ ಕಾಲಿಟ್ಟ ಈಕೆ, ಮುಂದಿನ ಸುಮಾರು 40 ವರ್ಷಗಳಲ್ಲಿ, ನಡುವೆ ದೀರ್ಘ ಬಿಡುವುಗಳಿದ್ದರೂ, ಪಿಯರ್-ಲೂಯಿ ಪಿಯರ್ಸನ್‌ನಿಂದ 400ಕ್ಕೂ ಹೆಚ್ಚು ಚಿತ್ರಗಳನ್ನು ತೆಗೆಸಿಕೊಂಡಳು. ಯಾವ ಉಡುಪು, ಯಾವ ಪಾತ್ರ, ಯಾವ ಭಂಗಿ ಎಂಬುದೆಲ್ಲ ಅವಳದೇ ನಿರ್ಧಾರವಾಗಿತ್ತು. ಕೆಲವು ಪ್ರತಿಗಳ ಮೇಲೆ ಬಣ್ಣ ಹೇಗೆ ಹಚ್ಚಬೇಕೆಂಬ ಸೂಚನೆಯನ್ನೂ ಅವಳೇ ಕೊಡುತ್ತಿದ್ದಳು. ರಾಣಿಯಾದಳು, ಸನ್ಯಾಸಿನಿಯಾದಳು, ಸಭ್ಯ ಮನೆತನದ ಹೆಣ್ಣು ಪಾದ ತೋರಿಸಲು ಹಿಂಜರಿಯುತ್ತಿದ್ದ ಕಾಲದಲ್ಲಿ ತನ್ನ ಬರಿಗಾಲುಗಳ ಚಿತ್ರ ತೆಗೆಸಿದಳು. ಪರದೆಯ ಮೇಲೆ ಈಗ ನೀವು ನೋಡುತ್ತಿರುವ ಚಿತ್ರದಲ್ಲಿ, ಫೋಟೋಕ್ಕೆ ಕಟ್ಟು ಹಾಕುವ ರಟ್ಟಿನ ಚೌಕಟ್ಟನ್ನೇ ಕಣ್ಣಿಗೆ ಹಿಡಿದು ಅದರ ಕಿಂಡಿಯಿಂದ ನಮ್ಮನ್ನು ನೋಡುತ್ತಾಳೆ. ನೋಡಿಸಿಕೊಳ್ಳಬೇಕಾದವಳು ನೋಡುವವಳಾಗಿದ್ದಾಳೆ, ಅವಳ ಕಣ್ಣಿಗೆ ನಾವೇ ಚೌಕಟ್ಟಿನೊಳಗಿನ ಚಿತ್ರ. ಪಿಯರ್ಸನ್ ಬೆಳಕನ್ನು ಅಳೆದ, ಚಿತ್ರ ಮೂಡುವ ಗಾಜಿನ ಫಲಕವನ್ನು ಸಿದ್ಧಪಡಿಸಿದ. ಆ ಚಿತ್ರಗಳ ಕರ್ತೃ ಅವನೊಬ್ಬನೇ ಎಂದು ಹೇಳಲು ನನಗಂತೂ ನಾಲಿಗೆ ಬರುವುದಿಲ್ಲ.

ಕೌಂಟೆಸ್ ಕೈಯಲ್ಲಿ ಹಣವಿತ್ತು, ಅಧಿಕಾರವಿತ್ತು, ಬಡವರ ಪಾಡೇನು ಎಂದು ನೀವು ಕೇಳಬಹುದು. ಕಲ್ಕತ್ತೆಯಲ್ಲಿ ಹುಟ್ಟಿದ ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್ 1860ರ ದಶಕದಲ್ಲಿ ಇಂಗ್ಲೆಂಡಿನ ವೈಟ್ ದ್ವೀಪದಲ್ಲಿ ಮರಿಯಮ್ಮನ, ಅಂದರೆ ಯೇಸುವಿನ ತಾಯಿಯ ಚಿತ್ರಗಳನ್ನು ತೆಗೆದಾಗ, ಆ ತಾಯಿಯಾಗಿ ಕುಳಿತವಳು ಮನೆಗೆಲಸದ ಮೇರಿ ಹಿಲಿಯರ್. ಆಗಿನ ಫಲಕಗಳಿಗೆ ಬೆಳಕು ಸಾಲುತ್ತಿರಲಿಲ್ಲವಾದ್ದರಿಂದ ನಿಮಿಷಗಟ್ಟಲೆ ಅಲುಗಾಡದೆ, ಅದೂ ಮುಖದಲ್ಲಿ ಕರುಣೆಯನ್ನು ಉಳಿಸಿಕೊಂಡು, ಇರಬೇಕಿತ್ತು. ಮೈ ಅಲುಗಾಡದಿರುವುದು ಕಷ್ಟ; ಭಾವ ಅಲುಗಾಡದಿರುವುದು ಅದಕ್ಕಿಂತ ಕಷ್ಟ. ನಾನೂ ಈ ಕಮಾನಿನ ಕೆಳಗೆ 3 ನಿಮಿಷ ನಿಂತು ನೋಡಿದೆ. ಮೊದಲ ನಿಮಿಷದಲ್ಲಿ ದವಡೆ ಬಿಗಿಯಿತು, ಎರಡನೆಯದರಲ್ಲಿ ಕೈಗಳನ್ನು ಎಲ್ಲಿಡಬೇಕೆಂದು ಮರೆತೆ, ಮೂರನೆಯದರಲ್ಲಿ ನನ್ನ ಮುಖದಲ್ಲಿದ್ದ ಏಕೈಕ ಭಾವ, ಇಲ್ಲಿನ ಸೂಪರ್ ಮಾರ್ಕೆಟ್ ಪೇಟೆಯ ಚಹಾದ ಆಸೆ.

ಹಾಗಾದರೆ ಚಿತ್ರ ಯಾರದು? ನಮ್ಮ ಬೀದರಿನ ಬಿದರಿ ಹೂಜಿಯನ್ನು ನೆನಪಿಸಿಕೊಳ್ಳಿ. ಸತು ಮತ್ತು ತಾಮ್ರದ ಮಿಶ್ರಲೋಹವನ್ನು ಎರಕ ಹೊಯ್ಯುವ ಕೈ ಒಂದು, ಉಳಿ ಹಿಡಿದು ಬಳ್ಳಿ ಕೊರೆಯುವ ಕೈ ಇನ್ನೊಂದು, ಕೊರೆದಲ್ಲಿ ಬೆಳ್ಳಿ ಕೂರಿಸುವ ಕೈ ಮತ್ತೊಂದು ಆಗಿರಬಹುದು. ಕೊನೆಗೆ ಕೋಟೆಯ ಮಣ್ಣನ್ನು ನವಸಾಗರದ ಜೊತೆ ಕುದಿಸಿ ಅದರಲ್ಲಿ ಇಳಿಸಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಅದನ್ನು ಮಾಡಿದವರು ಯಾರು ಎಂದರೆ ಒಂದೇ ಹೆಸರು ಹೇಳುವುದು ಅನ್ಯಾಯ. ಛಾಯಾಚಿತ್ರದಲ್ಲಿ ಮಾತ್ರ ಆ ಅನ್ಯಾಯವನ್ನು ನಾವು ಸಲೀಸಾಗಿ ಮಾಡುತ್ತೇವೆ.

ಸಮಯ ಮುಗಿಯುತ್ತಾ ಬಂದಿರುವುದರಿಂದ ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಎರಡೂ ಪಾತ್ರಗಳನ್ನು ಒಬ್ಬರೇ ವಹಿಸಿದ ದಾರಿಯೂ ಇದೆ: ಅಮೆರಿಕದ ಸಿಂಡಿ ಶರ್ಮನ್ 1977ರಿಂದ 1980ರವರೆಗೆ ಸಿನಿಮಾ ನಾಯಕಿಯರಂತೆ ತಾನೇ ನಿಂತು ತೆಗೆದ ಚಿತ್ರಮಾಲೆ ಪ್ರಸಿದ್ಧ. ಬೆಂಗಳೂರಿನ ಪುಷ್ಪಮಾಲಾ ಎನ್. ಅವರು ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರೊಡನೆ 2000ದಿಂದ 2004ರವರೆಗೆ ಮಾಡಿದ ಕೆಲಸ ನನಗೆ ಅದಕ್ಕಿಂತ ಇಷ್ಟ. ಅಲ್ಲಿ ಅವರು ರವಿವರ್ಮನ ಲಕ್ಷ್ಮಿಯೂ ಆಗುತ್ತಾರೆ, ವಸಾಹತು ಕಾಲದ ಅಧಿಕಾರಿಗಳು ಅಳತೆಯ ಚೌಕಳಿ ಪರದೆಯ ಮುಂದೆ ನಿಲ್ಲಿಸಿದ ಹೆಣ್ಣೂ ಆಗುತ್ತಾರೆ, ಮತ್ತು ಇಬ್ಬರ ಹೆಸರೂ ಕೃತಿಯ ಜೊತೆಗಿದೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಛಾಯಾಚಿತ್ರದ ಕರ್ತೃ ಅದನ್ನು ತೆಗೆದವರು. ಹಣ ಕೊಟ್ಟು ತೆಗೆಸಿದರೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಮೊದಲ ಒಡೆತನ ತೆಗೆಸಿದವರದು. ಬರೀ ನಿಂತವರಿಗೆ ಅಲ್ಲಿ ಜಾಗವಿಲ್ಲ, ಆದ್ದರಿಂದ ರೂಪದರ್ಶಿಗಳೇ, ಮೊದಲೇ ಬರವಣಿಗೆಯಲ್ಲಿ ಮಾತಾಡಿಕೊಳ್ಳಿ.

(ಪರದೆಯ ಮೇಲೆ: ಅಂದಿನ ಚಿತ್ರ, ಕಮಾನಿನ ನೆರಳಿನ ಅಂಚಿನಲ್ಲಿ ವಿದ್ಯಾರ್ಥಿನಿ)

ಅಂದು ಗೆಳೆಯ ಈ ಚಿತ್ರವನ್ನು ಕ್ಯಾಮೆರಾದ ಪರದೆಯಲ್ಲಿ ಆ ಹಿರಿಯರಿಗೆ ತೋರಿಸಿದ್ದ. ಅವರು ಕನ್ನಡಕ ಸರಿಪಡಿಸಿಕೊಂಡು ನೋಡಿ, “ಈಕಿ ಯಾರ ಮಗಳ್ರಿ?” ಎಂದರು. ತೆಗೆದವನು ಯಾರ ಮಗನೆಂದು ಕೇಳಲಿಲ್ಲ. ಗೆಳೆಯನಿಗೆ ಆ ಬೇಸರ ಇನ್ನೂ ಹೋಗಿಲ್ಲ.