ಅಪ್ ಎಂದರೆ ಎತ್ತ?

ಕೇಳುಗರಿಗೆ ನಮಸ್ಕಾರ.

1974ರ ಮಳೆಗಾಲದ ಒಂದು ಮಧ್ಯಾಹ್ನ ಕುಂದಾಪುರದ ಕಡೆಯಿಂದ ಬಸ್ಸಿನಲ್ಲಿ ಬಂದು ದಾದರಿನಲ್ಲಿ ಇಳಿದಾಗ ನನ್ನ ಕೈಯಲ್ಲಿ ಒಂದು ತಗಡಿನ ಪೆಟ್ಟಿಗೆಯೂ ಅಂಗಿಯ ಜೇಬಿನಲ್ಲಿ ಸೋದರಮಾವನ ಕಾಗದವೂ ಇದ್ದವು. ದಾದರಿನಲ್ಲಿ ವೆಸ್ಟರ್ನ್ ಲೈನಿನ ಡೌನ್ ಲೋಕಲ್ ಹಿಡಿದು ಅಂಧೇರಿಯಲ್ಲಿ ಇಳಿ ಎಂದು ಮಾವ ಬರೆದಿದ್ದರು. ಶಾಲೆಯ ಗೋಡೆಗೆ ತೂಗುಹಾಕಿದ ಭೂಪಟವನ್ನು ನೋಡಿ ಬೆಳೆದ ನನಗೆ ಮೇಲೆಂದರೆ ಉತ್ತರ, ಕೆಳಗೆಂದರೆ ದಕ್ಷಿಣ ಎಂಬುದರಲ್ಲಿ ಸಂಶಯವಿರಲಿಲ್ಲವಾದ್ದರಿಂದ, ದಕ್ಷಿಣದ ದಿಕ್ಕು ಯಾವುದೆಂದು ಒಬ್ಬರನ್ನು ಕೇಳಿ ತಿಳಿದುಕೊಂಡು ಅತ್ತ ಹೊರಟಿದ್ದ ಗಾಡಿಯನ್ನೇ ಹತ್ತಿ ಕುಳಿತೆ. ಕೊನೆಗೆ ಹಳಿಗಳೇ ಮುಗಿದು ಎದುರಿಗೆ ತಡೆ ಕಂಡಾಗ ಅದು ಚರ್ಚ್‌ಗೇಟ್ ನಿಲ್ದಾಣವೆಂದು ತಿಳಿಯಿತು. ನನ್ನ ಮುಖ ನೋಡಿ ಪಕ್ಕದ ವೃದ್ಧರೊಬ್ಬರು, ನೀನು ಹತ್ತಿದ್ದು ಅಪ್ ಗಾಡಿ, ಹೀಗೆಯೇ ಕುಳಿತಿರು, ಇದೇ ಈಗ ಡೌನ್ ಆಗುತ್ತದೆ ಎಂದರು. ಕುಳಿತಲ್ಲಿಂದ ಅಲುಗಾಡದೆ ನಾನು ಅಪ್‌ನಿಂದ ಡೌನಿಗೆ ಬಂದೆ.

ಎರಡೇ ಅಕ್ಷರಗಳ ಆ ಇಂಗ್ಲಿಷ್ ಪದದ ಬಗ್ಗೆ ನನಗೆ ಹುಟ್ಟಿದ ಕುತೂಹಲ ಅಂದಿನಿಂದ ಇಂದಿನವರೆಗೆ ಆರಿಲ್ಲ. ಇಂಗ್ಲಿಷಿನಲ್ಲಿ ಪದ ಚಿಕ್ಕದಾದಷ್ಟೂ ಅರ್ಥ ಹೆಚ್ಚು. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಎರಡನೆಯ ಆವೃತ್ತಿಯಲ್ಲಿ ಅತಿ ಉದ್ದದ ವಿವರಣೆ ದೊರೆತದ್ದು ಸೆಟ್ ಎಂಬ ಮೂರಕ್ಷರದ ಪದಕ್ಕೆ; ಮುಂದಿನ ಪರಿಷ್ಕರಣೆಯಲ್ಲಿ ರನ್ ಎಂಬ ಕ್ರಿಯಾಪದ 600ಕ್ಕೂ ಮಿಕ್ಕಿದ ಅರ್ಥಗಳೊಂದಿಗೆ ಅದನ್ನು ಹಿಂದಿಕ್ಕಿತು. ಅಪ್ ಆ ಎಣಿಕೆಯಲ್ಲಿ ಅಷ್ಟು ಮುಂದಿಲ್ಲದಿರಬಹುದು. ಆದರೆ ಮುಂಬಯಿಯ ಕನ್ನಡಿಗನಿಗೆ ದಿನಕ್ಕೆ ಎರಡು ಸಲವಾದರೂ ಮುಖಾಮುಖಿಯಾಗುವ ಪದ ಅದು.

ಮೊದಲು ರೈಲಿನ ವಿಷಯವನ್ನೇ ನೋಡೋಣ. ಲಂಡನ್ನಿನ ಕಡೆಗೆ ಹೋಗುವ ಹಳಿಗೆ ಅಪ್, ಲಂಡನ್ನಿನಿಂದ ಹೊರಡುವ ಹಳಿಗೆ ಡೌನ್ ಎಂದು ಕರೆಯುವುದು ಬ್ರಿಟನ್ನಿನ ರೈಲ್ವೆಯ ರೂಢಿ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಮೊದಲ ಪ್ರಯಾಣಿಕರ ಗಾಡಿ ಓಡಿದಾಗ ಉಗಿಯಂತ್ರದೊಂದಿಗೆ ಅವರ ಮಾತೂ ಈ ನೆಲಕ್ಕೆ ಬಂದಿಳಿಯಿತು. ಲಂಡನ್ನಿನ ಸ್ಥಾನದಲ್ಲಿ ಬೊಂಬಾಯಿ ಕುಳಿತಿತು. ಹಾಗಾಗಿ ನಕಾಶೆಯಲ್ಲಿ ಮುಂಬಯಿಯ ಬಾಲದ ತುದಿಯಂತೆ ಕಾಣುವ ಚರ್ಚ್‌ಗೇಟ್ ಮತ್ತು ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್‌ಗಳ ಕಡೆಗೆ ಹೋಗುವುದೆಲ್ಲ ಅಪ್, ವಿರಾರಿಗೂ ಕಲ್ಯಾಣಕ್ಕೂ ಹೋಗುವುದೆಲ್ಲ ಡೌನ್.

ಇದರ ಸ್ವಾರಸ್ಯವನ್ನು ಕಾಣಬೇಕಾದರೆ ಪುಣೆಯ ರೈಲು ಹತ್ತಬೇಕು. ಮುಂಬಯಿ ಸಮುದ್ರಮಟ್ಟದಲ್ಲಿದೆ, ಪುಣೆ ಸುಮಾರು 560 ಮೀಟರ್ ಎತ್ತರದಲ್ಲಿದೆ, ನಡುವೆ ಬೋರ್ ಘಾಟ್. ಪುಣೆಗೆ ಹೋಗುವ ಡೌನ್ ಗಾಡಿ ಕರ್ಜತಿನಲ್ಲಿ ನಿಂತಾಗ, ನಾವು ಕಿಟಕಿಯಿಂದ ಕೈ ಚಾಚಿ ಬಟಾಟೆ ವಡೆ ಕೊಳ್ಳುತ್ತಿರುವ ಹೊತ್ತಿಗೆ, ಹಿಂದಿನಿಂದ ಒಂದು ಮೆಲ್ಲನೆಯ ನೂಕು ಬಂದು ಸೀಟಿನಲ್ಲಿದ್ದವರೆಲ್ಲ ಒಮ್ಮೆ ತಲೆದೂಗುತ್ತಾರೆ. ಅದು ಗಾಡಿಯ ಬೆನ್ನಿಗೆ ಬ್ಯಾಂಕರ್ ಎಂಜಿನ್‌ಗಳನ್ನು ಜೋಡಿಸಿದ ಗುರುತು. 37 ಅಡಿ ಮುಂದೆ ಸಾಗಿದರೆ ಒಂದು ಅಡಿ ಏರುವ ಆ ಘಟ್ಟವನ್ನು ಹಿಂದಿನಿಂದ ನೂಕಿಸಿಕೊಳ್ಳದೆ ಹತ್ತುವುದಾಗದು. ಏದುಸಿರು ಬಿಡುತ್ತ ಘಟ್ಟ ಹತ್ತುವ ಆ ಗಾಡಿಯ ಹೆಸರು ಡೌನ್. 1930ರ ಜೂನ್ 1ರಿಂದ ಓಡುತ್ತಿರುವ ಡೆಕ್ಕನ್ ಕ್ವೀನ್ ಬೆಳಗ್ಗೆ ಪುಣೆಯಿಂದ ಹೊರಟು ಅದೇ ಘಟ್ಟವನ್ನು ಇಳಿದು ಮುಂಬಯಿಗೆ ಬರುತ್ತದೆ, ಅದು ಅಪ್. ಇಂಗ್ಲಿಷಿನ ವ್ಯಾಕರಣದಲ್ಲಿ ಅಧಿಕಾರಕ್ಕಿರುವ ಎತ್ತರ ಸಹ್ಯಾದ್ರಿಗೆ ಇಲ್ಲ ಎಂದು ನಾನು ಗೆಳೆಯರೊಡನೆ ತಮಾಷೆ ಮಾಡುವುದುಂಟು.

ಮೇಲು ಎಂಬುದನ್ನು ಯಾರು ಎಲ್ಲಿ ನಿಂತು ನಿಶ್ಚಯಿಸುತ್ತಾರೆ ಎಂಬ ಪ್ರಶ್ನೆ ಇಂಗ್ಲಿಷಿಗೆ ಮಾತ್ರ ಸೇರಿದ್ದಲ್ಲ. ಮಾಟುಂಗಾದಲ್ಲಿ ನಮ್ಮ ಬಿಡಾರದ ಪಕ್ಕದಲ್ಲಿದ್ದ ತಮಿಳು ಕುಟುಂಬದವರು ಪಶ್ಚಿಮಕ್ಕೆ ಮೇರ್ಕು, ಪೂರ್ವಕ್ಕೆ ಕಿಳಕ್ಕು ಎನ್ನುತ್ತಿದ್ದರು. ಕಿವಿಗೊಟ್ಟು ಕೇಳಿದರೆ ಅವು ನಮ್ಮ ಮೇಲು ಮತ್ತು ಕೀಳು ಪದಗಳ ಒಡಹುಟ್ಟುಗಳೇ. ತಮಿಳುನಾಡಿನಲ್ಲಿ ಘಟ್ಟವಿರುವುದು ಪಶ್ಚಿಮಕ್ಕೆ, ನೆಲ ಇಳಿಯುವುದು ಪೂರ್ವದ ಕಡಲಿಗೆ. ಆದ್ದರಿಂದ ಅವರಿಗೆ ಪಶ್ಚಿಮವೇ ಅಪ್. ಕರಾವಳಿಯವರಾದ ನಮಗೆ ಘಟ್ಟ ಪೂರ್ವಕ್ಕಿದೆ, ಆದರೆ ನಾವು ದಿಕ್ಕಿಗೆ ಹೆಸರಿಡುವಾಗ ಬೆಟ್ಟವನ್ನು ನೋಡದೆ ಸೂರ್ಯನನ್ನು ನೋಡಿದೆವು. ಅವನು ಮೂಡುವುದು ಮೂಡು, ಬೀಳುವುದು ಪಡು. ಈಜಿಪ್ಟಿನಲ್ಲಿ ನೈಲ್ ನದಿ ದಕ್ಷಿಣದಿಂದ ಉತ್ತರಕ್ಕೆ ಹರಿಯುವುದರಿಂದ ಅಲ್ಲಿ ಅಪ್ಪರ್ ಈಜಿಪ್ಟ್ ಎಂಬುದು ದೇಶದ ದಕ್ಷಿಣ ಭಾಗ. ನ್ಯೂಯಾರ್ಕಿನ ಮ್ಯಾನ್‌ಹ್ಯಾಟನ್ನಿನಲ್ಲಿ ಅಪ್‌ಟೌನ್ ಎಂದರೆ ಭೂಪಟದ ಉತ್ತರವೇ. ಅಲ್ಲಿಗೆ ಹೋಗಿದ್ದರೆ ನಾನು ದಾರಿ ತಪ್ಪುತ್ತಿರಲಿಲ್ಲ. ಇಂಗ್ಲೆಂಡಿನಲ್ಲಿ ಆಕ್ಸ್‌ಫರ್ಡಿಗೆ ಓದಲು ಸೇರುವುದು ಗೋ ಅಪ್. ಅಲ್ಲಿಂದ ಹೊರಹಾಕಿಸಿಕೊಳ್ಳುವುದು ಸೆಂಟ್ ಡೌನ್. ಇಲ್ಲಿ ನದಿಯೂ ಇಲ್ಲ, ಬೆಟ್ಟವೂ ಇಲ್ಲ, ಪ್ರತಿಷ್ಠೆಯೊಂದೇ ಏಣಿ.

ಈ ಪದದ ಮೂಲವನ್ನು ಹುಡುಕಿ ಹೋದರೆ ಗೊಂದಲ ಕಡಿಮೆಯಾಗುತ್ತದೆಂದು ಭಾವಿಸಿದ್ದೆ. ಅದು ಇನ್ನಷ್ಟು ರಂಗೇರಿತು. ಭಾಷಾವಿಜ್ಞಾನಿಗಳು ಇಂಗ್ಲಿಷಿನ ಅಪ್, ಸಂಸ್ಕೃತದ ಉಪ, ಲ್ಯಾಟಿನ್ನಿನ ಸಬ್, ಗ್ರೀಕಿನ ಹೈಪೋ ಇವೆಲ್ಲವನ್ನೂ ಒಂದೇ ಇಂಡೋ-ಯುರೋಪಿಯನ್ ಬೇರಿಗೆ ಸೇರಿಸುತ್ತಾರೆ. ಆ ಬೇರಿನ ಅರ್ಥ ಅಡಿಯಿಂದ ಮೇಲಕ್ಕೆ ಎಂಬಂತಹದು. ಒಂದು ಭಾಷೆ ಅದರ ಮೇಲ್ತುದಿಯನ್ನು ಹಿಡಿದುಕೊಂಡಿತು, ಇನ್ನೊಂದು ಅಡಿಯನ್ನು, ಸಂಸ್ಕೃತ ಹತ್ತಿರ ಎಂಬ ನೆರೆಯ ಅರ್ಥವನ್ನು ಬೆಳೆಸಿಕೊಂಡಿತು. ಉಪವಾಸದಲ್ಲಿ ಹತ್ತಿರ ಇರುವುದಿದೆ, ಉಪಾಧ್ಯಕ್ಷರಲ್ಲಿ ಅಧ್ಯಕ್ಷರಿಗಿಂತ ಒಂದು ಮೆಟ್ಟಿಲು ಕೆಳಗಿರುವುದಿದೆ. ಈಗ ನಮ್ಮ ಲೋಕಲ್ ಗಾಡಿಯನ್ನು ಇನ್ನೊಮ್ಮೆ ನೋಡಿ. ಇಂಗ್ಲಿಷಿನವರು ಅದನ್ನು ಸಬರ್ಬನ್ ರೈಲು ಎಂದರು. ಮರಾಠಿಯವರು ಉಪನಗರೀಯ ಎಂದರು. ಅದು ಮುಂಬಯಿಯ ದಕ್ಷಿಣ ತುದಿಯ ಕೋಟೆ ಪ್ರದೇಶದ ಕಡೆಗೆ ಹೊರಟರೆ ಅಪ್ ಎಂದರು. ಮೂರು ಭಾಷೆಗಳ ಮೂರು ತುಣುಕುಗಳು, ಸಾವಿರಾರು ವರ್ಷಗಳ ಹಿಂದೆ ಅಗಲಿದ ದಾಯಾದಿಗಳು, ಒಂದೇ ಡಬ್ಬಿಯಲ್ಲಿ ಜೋತುಬಿದ್ದು ಪ್ರಯಾಣ ಮಾಡುತ್ತಿವೆ. ಹಾಗೆಂದು ಉಪ್ಪಿಟ್ಟನ್ನು ಈ ವಂಶಕ್ಕೆ ಸೇರಿಸಬಾರದು. ಅದು ಉಪ್ಪಿನ ಹಿಟ್ಟು, ಅಪ್ಪಟ ನಮ್ಮದು.

ದಿಕ್ಕು, ಎತ್ತರ, ಪ್ರತಿಷ್ಠೆ ಇವಿಷ್ಟೇ ಆಗಿದ್ದರೆ ಕಲಿಯುವುದು ಕಷ್ಟವಾಗುತ್ತಿರಲಿಲ್ಲ. ಕಷ್ಟ ಆರಂಭವಾಗುವುದು ಅಪ್ ಎಂಬುದು ಕ್ರಿಯಾಪದದ ಬಾಲ ಹಿಡಿದಾಗ. 1979ರಿಂದ ಕೆಲವು ವರ್ಷ, ಕಚೇರಿಯ ಕೆಲಸ ಮುಗಿಸಿ, ಹೋಟೆಲುಗಳಲ್ಲಿ ದುಡಿಯುವ ನಮ್ಮೂರ ಹುಡುಗರಿಗಾಗಿ ನಡೆಯುತ್ತಿದ್ದ ಒಂದು ಕನ್ನಡ ರಾತ್ರಿಶಾಲೆಯಲ್ಲಿ ನಾನು ಇಂಗ್ಲಿಷ್ ಕಲಿಸುತ್ತಿದ್ದೆ. ಹಗಲೆಲ್ಲ ತಟ್ಟೆ ತೊಳೆದು ಬೆರಳ ತುದಿ ಸುಕ್ಕುಗಟ್ಟಿದ ಹುಡುಗರು ಬೆಂಚಿನ ಮೇಲೆ ಸಾಲಾಗಿ ಕುಳಿತಿರುತ್ತಿದ್ದರು. ಈಟ್ ಎಂದರೆ ತಿನ್ನು, ಹಾಗಾದರೆ ಈಟ್ ಅಪ್ ಎಂದರೆ ಮೇಲೆ ಹೋಗಿ ತಿನ್ನುವುದೇ ಎಂದು ಒಬ್ಬ ಕೇಳಿದ. ಅವರ ಹೋಟೆಲಿನಲ್ಲಿ ಕೆಲಸಗಾರರ ಊಟ ಅಟ್ಟದ ಮೇಲೆ. ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ.

ಕಪ್ಪು ಹಲಗೆಯ ಮೇಲೆ ನಾನು ತಿನ್ನು ಎಂದು ಬರೆದು ಪಕ್ಕದಲ್ಲಿ ತಿಂದುಬಿಡು ಎಂದು ಬರೆದೆ. ಇದರಲ್ಲಿ ನೀನು ಏನನ್ನು ಬಿಡುತ್ತೀಯೆ ಎಂದು ಕೇಳಿದೆ. ಏನನ್ನೂ ಬಿಡುವುದಿಲ್ಲ ಸಾರ್, ಪೂರ್ತಿ ಮುಗಿಸುತ್ತೇನೆ ಎಂದ. ಅಪ್ ಮಾಡುವುದೂ ಅದನ್ನೇ. ಕುಡಿದುಹಾಕು ಎಂಬುದರಲ್ಲಿ ಹಾಕುವುದೇನೂ ಇಲ್ಲ, ಸುಟ್ಟುಹೋಯಿತು ಎಂಬುದರಲ್ಲಿ ಯಾರೂ ಎಲ್ಲಿಗೂ ಹೋಗುವುದಿಲ್ಲ. ಮುಂಬಯಿಯಲ್ಲಿ ಬೆಳೆದ ಹುಡುಗರಿಗೆ ಮರಾಠಿಯ ಖಾಊನ್ ಟಾಕ್ ಕೂಡ ಗೊತ್ತಿತ್ತು. ಅಲ್ಲಿಯೂ ಟಾಕಣೆ ಎಂದರೆ ಎಸೆಯುವುದು, ಆದರೆ ಅನ್ನವನ್ನು ಯಾರೂ ಎಸೆಯುವುದಿಲ್ಲ. ನಮ್ಮ ಭಾಷೆ ಬಿಡು, ಹಾಕು, ಹೋಗು, ಕೊಳ್ಳು ಎಂಬ ನಾಲ್ಕಾರು ಆಳುಗಳಿಂದ ಮಾಡಿಸುವ ಕೆಲಸದ ಬಹುಪಾಲನ್ನು ಇಂಗ್ಲಿಷ್ ಈ ಒಂದೇ ಕೂಲಿಯಿಂದ ಮಾಡಿಸುತ್ತದೆ. ಇದು ಹೊಳೆದ ಮೇಲೆ ಯೂಸ್ ಅಪ್, ಡ್ರಿಂಕ್ ಅಪ್, ಟೈಮ್ ಈಸ್ ಅಪ್ ಯಾವುವೂ ಅವರಿಗೆ ಭಾರವಾಗಲಿಲ್ಲ.

ಆದರೂ ಎಲ್ಲವೂ ಈ ಕೀಲಿಕೈಗೆ ತೆರೆದುಕೊಳ್ಳುವುದಿಲ್ಲ. ಮರವನ್ನು ಉರುಳಿಸುವಾಗ ಕಟ್ ಡೌನ್, ಬಿದ್ದ ಮರವನ್ನು ಸೌದೆ ಮಾಡುವಾಗ ಕಟ್ ಅಪ್. ಮನೆ ಬರ್ನ್ ಡೌನ್ ಆದರೂ ಬರ್ನ್ ಅಪ್ ಆದರೂ ಉಳಿಯುವುದು ಬೂದಿ. ಮೇಕ್ ಅಪ್ ಅಂತೂ ಒಂದು ಸಂತೆ: ಬಣ್ಣ ಬಳಿದುಕೊಳ್ಳುವುದು, ಸುಳ್ಳು ಕಥೆ ಕಟ್ಟುವುದು, ಮುರಿದ ಸ್ನೇಹವನ್ನು ಬೆಸೆಯುವುದು, ಆದ ನಷ್ಟವನ್ನು ತುಂಬುವುದು, ಎಲ್ಲವೂ ಅದೇ. ಕನ್ನಡ ಅದರಲ್ಲಿ ಬಣ್ಣವನ್ನು ಮಾತ್ರ ಆರಿಸಿಕೊಂಡು ಮೇಕಪ್ ಮಾಡಿಕೊಂಡಿತು. ನಾವು ಎರವಲು ತಂದ ಇಂತಹ ಪದಗಳಲ್ಲಿ ಅಪ್ ತನ್ನ ಗುರುತನ್ನೇ ಕಳೆದುಕೊಂಡಿದೆ. ಪೊಲೀಸ್ ಠಾಣೆಯ ಕೋಣೆ ಲಾಕಪ್. ಸ್ಟುಡಿಯೋದಲ್ಲಿ ದಿನದ ಕೆಲಸ ಮುಗಿಯುವುದು ಪ್ಯಾಕಪ್. ಮೈದಾನದಲ್ಲಿ ಹುರಿದುಂಬಿಸುವ ಕೂಗು ಬಕಪ್. ಗಾಡಿಗೆ ಪಿಕಪ್ ಇಲ್ಲ ಎಂದು ನಮ್ಮ ಮೆಕ್ಯಾನಿಕ್ ಹೇಳಿದರೆ, ಲಂಡನ್ನಿನವರು ಬಹುಶಃ ಬಾಯಿ ಬಿಟ್ಟು ನೋಡಬೇಕು. ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಅಪ್-ಡೌನ್ ಮಾಡುವುದು. ಅವನು ಪುಣೆಯಲ್ಲಿ ಮನೆ ಮಾಡಿದ್ದಾನೆ, ದಿನವೂ ಅಪ್-ಡೌನ್ ಮಾಡುತ್ತಾನೆ ಎಂದರೆ ಹುಬ್ಬಳ್ಳಿಯವರಿಗೂ ಮುಂಬಯಿಯವರಿಗೂ ಅರ್ಥವಾಗುತ್ತದೆ. ಯಾವುದು ಅಪ್, ಯಾವುದು ಡೌನ್ ಎಂದು ಯಾರೂ ಕೇಳುವುದಿಲ್ಲ.

ರಾತ್ರಿಶಾಲೆಯ ಅದೇ ಹುಡುಗ ಇನ್ನೊಂದು ಪ್ರಶ್ನೆ ಕೇಳಿದ್ದ. ಅವನು ಲಾಲ್‌ಬಾಗಿನ ಕಡೆ, ಬಟ್ಟೆಯ ಗಿರಣಿಯೊಂದರ ಎದುರಿನ ಹೋಟೆಲಿನಲ್ಲಿದ್ದ. ರಾತ್ರಿ ಕೊನೆಯ ಪಾಳಿಯವರ ಚಹಾ ಮುಗಿದ ಮೇಲೆ ಕೊಕ್ಕೆಕೋಲಿನಿಂದ ಶಟರನ್ನು ಕೆಳಗೆ ಎಳೆಯುವುದು ಅವನ ಕೆಲಸ. ಶಟರನ್ನು ಎಳೆಯುವುದು ಕೆಳಕ್ಕೆ, ನೀವು ಅದಕ್ಕೆ ಕ್ಲೋಸ್ ಅಪ್ ಎನ್ನುತ್ತೀರಿ, ಕ್ಲೋಸ್ ಡೌನ್ ಎನ್ನಬೇಕಲ್ಲವೇ ಸಾರ್ ಎಂದ. ಬೆಳಗ್ಗೆ ಮತ್ತೆ ತೆರೆಯುವ ಅಂಗಡಿಗೆ ಕ್ಲೋಸ್ ಅಪ್, ಮತ್ತೆ ತೆರೆಯದ ಅಂಗಡಿಗೆ ಕ್ಲೋಸ್ ಡೌನ್ ಎಂದು ನಾನು ಹೇಳಿದೆ. ಅವನು ಎರಡನ್ನೂ ಪುಸ್ತಕದಲ್ಲಿ ಒಂದರ ಕೆಳಗೆ ಒಂದು ಬರೆದುಕೊಂಡ.

1982ರ ಜನವರಿ 18ರಂದು ಮುಂಬಯಿಯ ಗಿರಣಿಗಳ ಮುಷ್ಕರ ಆರಂಭವಾಯಿತು. ಸುಮಾರು 2.5 ಲಕ್ಷ ಕಾರ್ಮಿಕರು ಕೆಲಸಕ್ಕೆ ಹೋಗುವುದನ್ನು ನಿಲ್ಲಿಸಿದರು. ಗಿರಣಿಯ ಭೋಂಗಾ ಕೂಗದಿದ್ದರೆ ಎದುರಿನ ಹೋಟೆಲಿನ ಚಹಾ ಕುಡಿಯುವವರು ಯಾರು? ಆ ವರ್ಷದ ಮಳೆಗಾಲದ ಹೊತ್ತಿಗೆ ಹುಡುಗ ಒಂದು ವಾರ ತರಗತಿಗೆ ಬರಲಿಲ್ಲ. ಬಂದ ದಿನ, ಊರಿಗೆ ಹೊರಟ ಗಂಟನ್ನು ಬಾಗಿಲ ಬಳಿ ಇಟ್ಟು, ಒಳಗೆ ಬಾರದೆ, ಅಲ್ಲಿಂದಲೇ ಇಂಗ್ಲಿಷಿನಲ್ಲಿ ಹೇಳಿದ: ಅವರ್ ಹೋಟೆಲ್, ಸಾರ್, ಕ್ಲೋಸ್ ಡೌನ್.

ಕ್ಲೋಸ್ಡ್ ಎಂದು ನಾನು ತಿದ್ದಲಿಲ್ಲ.

ನಮಸ್ಕಾರ.