ಆರ್‌ವಿ ಫ್ರಿಜ್ ತಣ್ಣಗಾಗುತ್ತಿಲ್ಲವಾ? ಮೊದಲು ಗ್ಯಾಸಲ್ಲಿ, ಆಮೇಲೆ ಕರೆಂಟಲ್ಲಿ ಓಡಿಸಿ ನೋಡಿ

[ದೃಶ್ಯ: ಯೆಲ್ಲೋಸ್ಟೋನ್ ಹತ್ತಿರದ ಕ್ಯಾಂಪ್‌ಗ್ರೌಂಡ್. ತೆರೆದ ಫ್ರಿಜ್ ಬಾಗಿಲು.]

ನಮಸ್ಕಾರ. ಮೊಸರು ಹುಳಿಯಾಗಿದೆ, ದೋಸೆ ಹಿಟ್ಟು ಡಬ್ಬಿಯಿಂದ ಉಕ್ಕಿದೆ. ಫ್ರೀಜರ್ ಮಾತ್ರ ಅಷ್ಟೋ ಇಷ್ಟೋ ತಣ್ಣಗಿದೆ. ಅಮೆರಿಕದಲ್ಲಿ ಆರ್‌ವಿ, ಅಂದರೆ ಅಡುಗೆ, ಮಲಗುವ ವ್ಯವಸ್ಥೆ ಇರುವ ಪ್ರವಾಸದ ಗಾಡಿ, ತೆಗೆದುಕೊಂಡು ಹೊರಡುವ ನಮ್ಮವರು ಇಂಥ ಹೊತ್ತಲ್ಲಿ ಫ್ರಿಜ್ಜೇ ಕೆಟ್ಟಿತು ಅಂದುಕೊಳ್ಳುತ್ತಾರೆ. ಸ್ವಲ್ಪ ತಾಳಿ. ಫ್ರಿಜ್ ಚೆನ್ನಾಗಿಯೇ ಇದ್ದು, ಅದಕ್ಕೆ ಬೇಕಾದ ಬಿಸಿ ಅಥವಾ ಗಾಳಿ ಸಿಗದೇ ಇರಬಹುದು.

ಹೌದು, ಬಿಸಿ! ಗ್ಯಾಸ್, ಕರೆಂಟ್ ಎರಡರಲ್ಲೂ ಓಡುವ ಇದು ಅಬ್ಸಾರ್ಪ್ಶನ್ ಫ್ರಿಜ್, ಅಂದರೆ ಬಿಸಿಯಿಂದಲೇ ತಂಪು ಮಾಡುವಂಥದ್ದು. ಮನೆಯ ಫ್ರಿಜ್‌ನಲ್ಲಿರುವ ಕಂಪ್ರೆಸರ್ ಇದರಲ್ಲಿ ಇಲ್ಲ.

[ಚಿತ್ರ: ಹಿಂಬದಿಯ ಕೊಳವೆಗಳು. ಬಾಯ್ಲರ್ ಕೆಂಪು ಬಣ್ಣದಲ್ಲಿ.]

ಸ್ಟೀಲ್ ಕೊಳವೆಯೊಳಗೆ ಅಮೋನಿಯಾ, ನೀರು, ಹೈಡ್ರೋಜನ್ ತುಂಬಿ ಸೀಲ್ ಮಾಡಿರುತ್ತಾರೆ. ಕೆಳಗಿನ ಬಾಯ್ಲರನ್ನು ಗ್ಯಾಸ್ ಉರಿಯೋ ಕರೆಂಟ್ ಹೀಟರೋ ಕಾಯಿಸುತ್ತದೆ. ಅಮೋನಿಯಾ ನೀರನ್ನು ಬಿಟ್ಟು ಆವಿಯಾಗಿ ಮೇಲೇರುತ್ತದೆ, ಅಲ್ಲಿ ಶಾಖವನ್ನು ಗಾಳಿಗೆ ಬಿಟ್ಟು ದ್ರವವಾಗುತ್ತದೆ. ಫ್ರೀಜರ್ ಹಿಂದೆ ಹೈಡ್ರೋಜನ್ ಜೊತೆ ಬೆರೆತು ಮತ್ತೆ ಆವಿಯಾಗುವಾಗ ಒಳಗಿನ ಶಾಖವನ್ನು ಎಳೆದುಕೊಳ್ಳುತ್ತದೆ. ಕೊನೆಗೆ ನೀರಿಗೇ ವಾಪಸ್. 1922ರಲ್ಲಿ ಸ್ಟಾಕ್‌ಹೋಮ್‌ನ ಇಬ್ಬರು ವಿದ್ಯಾರ್ಥಿಗಳು, ಪ್ಲಾಟೆನ್ ಮತ್ತು ಮುಂಟರ್ಸ್, ಕಂಡುಹಿಡಿದದ್ದು ಇದನ್ನೇ. ಎಷ್ಟೋ ಹೋಟೆಲ್ ರೂಮುಗಳಲ್ಲಿ ಸದ್ದೇ ಮಾಡದ ಪುಟ್ಟ ಫ್ರಿಜ್ ನೋಡಿರುತ್ತೀರಿ ಅಲ್ವಾ? ಅದೂ ಇದೇ ಜಾತಿ.

ಪಂಪ್ ಇಲ್ಲದ ಕಾರಣ ದ್ರವ ತನ್ನ ಭಾರಕ್ಕೆ ತಾನೇ ಕೆಳಗೆ ಹರಿಯಬೇಕು. ಅದಕ್ಕೇ ಗಾಡಿ ಸಮವಾಗಿ ನಿಂತಿರಬೇಕು. ಪಕ್ಕಕ್ಕೆ 3 ಡಿಗ್ರಿ, ಹಿಂದೆ ಮುಂದೆ 6 ಡಿಗ್ರಿಗಿಂತ ಜಾಸ್ತಿ ವಾಲಬಾರದು ಎಂದು ಬಹಳಷ್ಟು ಮ್ಯಾನ್ಯುಯಲ್‌ಗಳು ಹೇಳುತ್ತವೆ. ಓಡುವಾಗ ಗಾಡಿ ಅಲುಗಾಡುತ್ತಲೇ ಇರುತ್ತದೆ, ತೊಂದರೆ ಕಡಿಮೆ. ಇಳಿಜಾರಿನಲ್ಲಿ ರಾತ್ರಿಯಿಡೀ ನಿಲ್ಲಿಸಿ ಫ್ರಿಜ್ ಓಡಿಸಿದರೆ ಅಮೋನಿಯಾ ಅಲ್ಲಲ್ಲೇ ನಿಂತು ಬಾಯ್ಲರ್ ವಿಪರೀತ ಕಾಯುತ್ತದೆ. ತುಕ್ಕು ಹಿಡಿಯದಿರಲಿ ಎಂದು ಹಾಕಿರುವ ಸೋಡಿಯಂ ಕ್ರೋಮೇಟ್ ಗಟ್ಟಿಯಾಗಿ ಕೊಳವೆ ಕಟ್ಟಿಕೊಳ್ಳುತ್ತದೆ. ಆಮೇಲೆ ಗಾಡಿಯನ್ನು ನೆಟ್ಟಗೆ ನಿಲ್ಲಿಸಿದರೂ ಅದು ಕರಗುವುದಿಲ್ಲ. ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಇನ್ನೊಂದು ಮಾತು. ಈ ಫ್ರಿಜ್ ನಿಧಾನ. ಹಿಂದಿನ ರಾತ್ರಿಯೇ ಆನ್ ಮಾಡಿ, ಮೊದಲೇ ತಣ್ಣಗಿರುವ ಪದಾರ್ಥ ಇಡಿ.

[ದೃಶ್ಯ: ನೀರಿನ ಲೋಟದಲ್ಲಿ ಥರ್ಮಾಮೀಟರ್, ನಡು ಶೆಲ್ಫ್ ಮೇಲೆ.]

ಈಗ ನಿಜವಾದ ಪರೀಕ್ಷೆ. ಗ್ಯಾಸೋ ಕರೆಂಟೋ ಎಂದು ಫ್ರಿಜ್ಜೇ ಆರಿಸಿಕೊಳ್ಳುವ ‘ಆಟೋ’ ತೆಗೆಯಿರಿ. ಒಂದು ರಾತ್ರಿ ಗ್ಯಾಸ್‌ನಲ್ಲಿ ಮಾತ್ರ, ಇನ್ನೊಂದು ರಾತ್ರಿ ಕರೆಂಟ್‌ನಲ್ಲಿ ಮಾತ್ರ ಓಡಿಸಿ. ಲೋಟದ ನೀರು 4 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬರಬೇಕು. ಒಂದರಲ್ಲಿ ತಣ್ಣಗಾಗಿ ಇನ್ನೊಂದರಲ್ಲಿ ಆಗದಿದ್ದರೆ ಸಂತೋಷಪಡಿ. ಕೊಳವೆಗಳು ಚೆನ್ನಾಗಿವೆ, ಬಿಸಿ ಕೊಡುವ ಭಾಗದಲ್ಲಿ ಮಾತ್ರ ದೋಷ. ಈ ಪರೀಕ್ಷೆ ಮಾಡದೆ ಹೊಸ ಕೂಲಿಂಗ್ ಯೂನಿಟ್‌ಗೆ, ಅಂದರೆ ಹಿಂಬದಿಯ ಆ ಕೊಳವೆಗಳ ಇಡೀ ಜೋಡಣೆಗೆ, ದುಡ್ಡು ಕೊಡಲೇಬೇಡಿ.

ಕರೆಂಟ್‌ನಲ್ಲಿ ಆಗುತ್ತಿಲ್ಲವಾ? ಪ್ಲಗ್ ತೆಗೆದು, ಹೀಟರ್ ವೈರ್ ಬಿಚ್ಚಿ, ಮಲ್ಟಿಮೀಟರ್ ಇಡಿ. 120 ವೋಲ್ಟ್, 325 ವ್ಯಾಟ್ ಹೀಟರ್ ಆದರೆ ಸುಮಾರು 44 ಓಮ್ ತೋರಿಸಬೇಕು. ಏನೂ ತೋರಿಸದಿದ್ದರೆ ಹೀಟರ್ ಸುಟ್ಟಿದೆ.

ಗ್ಯಾಸ್‌ನಲ್ಲಿ ಆಗುತ್ತಿಲ್ಲವಾ? ಹೊರಗಿನ ಕೆಳ ಜಾಲರಿ ತೆಗೆದು ಉರಿ ನೋಡಿ. ನೀಲಿಯಾಗಿ, ಅಲ್ಲಾಡದೆ ಉರಿಯಬೇಕು. ಹಳದಿಯಾಗಿದ್ದರೆ ಗ್ಯಾಸ್ ಸರಿಯಾಗಿ ಉರಿಯುತ್ತಿಲ್ಲ, ಮಸಿ ಕಟ್ಟುತ್ತದೆ. ಬರ್ನರ್ ಕೊಳವೆಯಲ್ಲಿ ಜೇಡ ಬಲೆ ಕಟ್ಟುವುದು ತೀರಾ ಸಾಮಾನ್ಯ. ಗ್ಯಾಸ್ ಮುಚ್ಚಿ, ತಣ್ಣಗಾದ ಮೇಲೆ ಬ್ರಷ್ ಹಾಕಿ. ಮೇಲಿನ ಹೊಗೆ ಕೊಳವೆಯಿಂದ ಉದುರುವ ತುಕ್ಕನ್ನೂ ತೆಗೆಯಿರಿ. ಆದರೆ ಬರ್ನರ್‌ಗೆ ಗ್ಯಾಸ್ ಬಿಡುವ ಸಣ್ಣ ತೂತಿನ ಜೆಟ್‌ಗೆ ಪಿನ್ನು, ತಂತಿ ತೂರಿಸಬೇಡಿ. ತೂತು ಒಂದು ಕೂದಲಷ್ಟು ದೊಡ್ಡದಾದರೂ ಉರಿ ಕೆಡುತ್ತದೆ. ಆಲ್ಕೋಹಾಲ್‌ನಲ್ಲಿ ನೆನೆಸಿ, ಒಣಗಿಸಿ ಹಾಕಿ. ಜೋಡಿಸಿದ ಮೇಲೆ ಸೋಪ್ ನೀರು ಹಚ್ಚಿ ಸೋರಿಕೆ ಇದೆಯಾ ನೋಡಲೇಬೇಕು. ಗ್ಯಾಸ್ ಒತ್ತಡ ಅಳೆಯುವ ಕೆಲಸ ಟೆಕ್ನಿಷಿಯನ್‌ಗೆ ಬಿಡಿ.

ಎತ್ತರದ ಜಾಗದಲ್ಲಿ ಗಾಳಿ ತೆಳು, ಉರಿಯೂ ತಕರಾರು ಮಾಡುತ್ತದೆ. 5,500 ಅಡಿ ದಾಟಿದರೆ ಕರೆಂಟ್‌ಗೆ ಬದಲಿಸಿ ಎನ್ನುವ ಮ್ಯಾನ್ಯುಯಲ್‌ಗಳಿವೆ. ಯೆಲ್ಲೋಸ್ಟೋನ್ ಸರೋವರ ಇರುವುದೇ 7,700 ಅಡಿ ಮೇಲೆ! ಇನ್ನು, ಗ್ಯಾಸ್‌ನಲ್ಲಿ ಓಡಿದರೂ ಕಂಟ್ರೋಲ್ ಬೋರ್ಡ್‌ಗೆ 12 ವೋಲ್ಟ್ ಬೇಕು. ಬ್ಯಾಟರಿ ಸೊರಗಿದರೆ ಉರಿಯೂ ಆರುತ್ತದೆ.

[ದೃಶ್ಯ: ಚಾವಣಿಯ ವೆಂಟ್, ಒಳಗೆ ಹಕ್ಕಿ ಗೂಡು.]

ಎರಡರಲ್ಲೂ ಅರ್ಧಂಬರ್ಧ ತಣ್ಣಗಾಗುತ್ತಿದ್ದರೆ ಗಾಳಿಯ ದಾರಿ ನೋಡಿ. ತಂಪು ಗಾಳಿ ಕೆಳಗಿಂದ ಬಂದು, ಶಾಖ ಹೊತ್ತು ಚಾವಣಿಯಿಂದ ಹೊರಹೋಗಬೇಕು. ಗೂಡು, ಒಣಗಿದ ಎಲೆ ತೆಗೆಯಿರಿ. ಫ್ರಿಜ್‌ಗೂ ಗೋಡೆಗೂ ನಡುವೆ ಜಾಸ್ತಿ ಜಾಗ ಇದ್ದರೆ ಗಾಳಿ ಕೊಳವೆಗಳನ್ನು ಮುಟ್ಟದೆ ಸುಮ್ನೆ ಹೊರಟುಹೋಗುತ್ತದೆ. ಅಲ್ಲೊಂದು ತಗಡಿನ ಅಡ್ಡಗೋಡೆ, ಮೇಲೊಂದು 12 ವೋಲ್ಟ್ ಫ್ಯಾನ್ ಹಾಕಿಸಿ. ಫ್ರಿಜ್ ಇರುವ ಬದಿಗೆ ಮಧ್ಯಾಹ್ನದ ಬಿಸಿಲು ಬೀಳದಂತೆ ಗಾಡಿ ನಿಲ್ಲಿಸಿ. ಬಾಗಿಲಿಗೆ ಒಂದು ನೋಟು ಸಿಕ್ಕಿಸಿ ಎಳೆಯಿರಿ. ಸಲೀಸಾಗಿ ಬಂದರೆ ರಬ್ಬರ್ ಸಡಿಲ. ಒಳಗೆ ಗಾಳಿಗೆ ಸಂದಿಲ್ಲದಂತೆ ಡಬ್ಬಿ ತುರುಕಬೇಡಿ.

ಗಾಡಿ ಸಮ ಇದೆ, ಗಾಳಿ ಇದೆ, ಬಾಯ್ಲರ್ ಕಾಯುತ್ತಿದೆ, ಆದರೂ ಎರಡರಲ್ಲೂ ತಣ್ಣಗಾಗುತ್ತಿಲ್ಲ ಎಂದರೆ ಕೂಲಿಂಗ್ ಯೂನಿಟ್ಟೇ ಹೋಗಿರಬೇಕು. ಹಿಂಬದಿಯಲ್ಲಿ ಹಳದಿ ಪುಡಿ ಕಂಡರೆ, ಮೂಗಿಗೆ ಹೊಡೆಯುವ ಅಮೋನಿಯಾ ವಾಸನೆ ಬಂದರೆ ಅದು ಸೋರಿಕೆ. ತಕ್ಷಣ ಫ್ರಿಜ್ ಆರಿಸಿ, ಸಿಲಿಂಡರ್ ಮುಚ್ಚಿ, ಎಲ್ಲರೂ ಹೊರಗೆ ಬನ್ನಿ. ಒಳಗಿರುವ ಹೈಡ್ರೋಜನ್ ಬೆಂಕಿ ಹಿಡಿಯುವ ಅನಿಲ. ಕ್ಯಾಂಪ್‌ಗ್ರೌಂಡ್‌ನಲ್ಲಿ ಬೆಸುಗೆ ಹಾಕಿ, ಮತ್ತೆ ಅನಿಲ ತುಂಬಿ ಸರಿಮಾಡುವಂಥದ್ದಲ್ಲ ಇದು.

ಆಗ ಇರುವ ದಾರಿ ಎರಡು. ಕರೆಂಟ್ ಇಲ್ಲದ ಕಾಡಿನಲ್ಲಿ ದಿನಗಟ್ಟಲೆ ಇರುವವರು ಹೊಸ ಕೂಲಿಂಗ್ ಯೂನಿಟ್ ಹಾಕಿಸಿ. ಗ್ಯಾಸ್‌ನಲ್ಲಿ ಓಡುವಾಗ ಇಷ್ಟು ಕಡಿಮೆ ಕರೆಂಟ್ ಸಾಕಾಗುವ ಫ್ರಿಜ್ ಬೇರೆ ಸಿಗುವುದು ಕಷ್ಟ. ಮೇಲೆ ಸೋಲಾರ್ ಪ್ಯಾನಲ್, ಕೆಳಗೆ ಒಳ್ಳೆ ಲಿಥಿಯಂ ಬ್ಯಾಟರಿ ಇದ್ದವರಿಗೆ ನಾನು ಹೇಳುವುದು 12 ವೋಲ್ಟ್ ಕಂಪ್ರೆಸರ್ ಫ್ರಿಜ್. ಕೊಳ್ಳುವ ಮೊದಲು ಹಳೆಯ ಫ್ರಿಜ್ ಕೂತಿರುವ ಜಾಗದ ಅಗಲ, ಎತ್ತರ, ಆಳ ಮೂರನ್ನೂ ಅಳೆದುಕೊಂಡು ಹೋಗಿ.